ಕೊಟ್ಟಿಗೆಹಾರ ದಾಟದ ತಮ್ಮ

ನಮ್ಮ ತವರಿನವರು ಊರು ಬಿಟ್ಟು ಹೊರಟರೆ ಏನಾದರೊಂದು ಆಗಿಯೇ ಆಗುತ್ತದೆ. ಆಗದೆ ಇದ್ದ ದಿನ ಅಮ್ಮನೇ ಗಾಬರಿಯಾಗಿ ಫೋನ್ ಮಾಡುತ್ತಾಳೆ. "ಇವತ್ತು ಏನೂ ಆಗ್ಲಿಲ್ಲ ಕಣೇ. ಏನೋ ಮನೇಲೇ ಮರ್ತು ಬಂದಿದೀವಿ ಅನ್ಸುತ್ತೆ" ಅಂತ.

ನನ್ನ ತವರು ಮೂಡಿಗೆರೆ. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ನನ್ನನ್ನು ಕೊಟ್ಟಿದ್ದು ಕಳಸದ ಹತ್ತಿರ. ನಮ್ಮ ಮನೆಯವರಿಗೆ ಸ್ವಲ್ಪ ಕಾಫಿ ತೋಟ ಇದೆ, ಜೊತೆಗೆ ಹೊರನಾಡಿಗೆ ಬರುವ ಭಕ್ತರಿಗೆ ಬಾಡಿಗೆಗೆ ಕೊಡೋಕೆ ಅಂತ ಎರಡು ರೂಮು ಕಟ್ಟಿಸಿದ್ದೇವೆ. ಮೂಡಿಗೆರೆಯಲ್ಲಿ ತಿಂಡಿ ತಿಂದು ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಆರಾಮಾಗಿ ನಮ್ಮ ಮನೆಯಲ್ಲಿರಬಹುದು. ಅಷ್ಟೇ ದೂರ. ಆ ಅಷ್ಟೇ ದೂರ ಬರೋಕೆ ನನ್ನ ತಮ್ಮನಿಗೆ ವರ್ಷಗಟ್ಟಲೆ ಹಿಡಿಯಿತು.

ತಮ್ಮನಿಗೆ ಆಟಿಸಂ. ಈಗ ಅಪ್ಪನಿಗಿಂತ ಎತ್ತರ ಬೆಳೆದ ಗಂಡಸು. ಸದ್ದು, ಬೆಳಕು, ವಾಸನೆ ಇವೆಲ್ಲ ನಮಗೆ ಒಂದು ಅಳತೆಯಲ್ಲಿ ಬಂದರೆ ಅವನಿಗೆ ಬೇರೆ ಅಳತೆಯಲ್ಲಿ ಬರುತ್ತವೆ. ಕುಕ್ಕರ್ ಸೀಟಿ ನಮಗೆ ಅಡುಗೆಮನೆಯಲ್ಲಿ ಕೂಗಿದರೆ ಅವನಿಗೆ ಕಿವಿಯ ಒಳಗೇ ಕೂಗುತ್ತದೆ. ಗೊತ್ತಿಲ್ಲದ ಜಾಗ ಅಂದರೆ ಮೈಯೆಲ್ಲ ಬಿಗಿಯಾಗುತ್ತದೆ. ಮಾತು ಬಹಳ ಕಮ್ಮಿ. ಆಡಿದರೆ ಒಂದು ಪದ, ಮನಸ್ಸು ಚೆನ್ನಾಗಿದ್ದರೆ ಎರಡು.

ನಮ್ಮ ಕೇರಿಯ ಹೆಂಗಸರ ಮನೆಗೆಲ್ಲ ತವರಿಂದ ಅಣ್ಣನೋ ತಮ್ಮನೋ ಬರುತ್ತಾರೆ. ಬಂದು ಜಗಲಿಯಲ್ಲಿ ಕೂತು ಕಾಫಿ ಕುಡಿದು, "ಏನು ಇಷ್ಟು ಸಣ್ಣ ಆಗಿದೀಯ" ಅಂತ ಸುಳ್ಳು ಹೇಳಿ, ಎದ್ದು ಹೋಗುತ್ತಾರೆ. ನನಗೆ ಬೇಕಿದ್ದದ್ದೂ ಅಷ್ಟೇ. ಸುಳ್ಳು ಹೇಳದಿದ್ದರೂ ನಡೆಯುತ್ತಿತ್ತು.

ಸ್ವಂತದ್ದು

ತಮ್ಮನ ವಿಷಯಕ್ಕೆ ಒಂದು ಹೆಸರಿದೆ ಅಂತ ನಮಗೆ ಗೊತ್ತಾಗಿದ್ದೇ ಅವನಿಗೆ ಮೀಸೆ ಬಂದ ಮೇಲೆ. ಅಲ್ಲಿಯವರೆಗೆ "ಹುಡುಗ ಸ್ವಲ್ಪ ಒಂಥರಾ" ಅಂತಲೇ ನಡೆಯುತ್ತಿತ್ತು. ಊರಿಗೆ ಬಂದ ಒಬ್ಬ ಡಾಕ್ಟರು ಅವನನ್ನು ನೋಡಿ, ಅಪ್ಪ ಅಮ್ಮನನ್ನು ಕೂರಿಸಿಕೊಂಡು, ನಿಧಾನವಾಗಿ ಎಲ್ಲ ಹೇಳಿದರು. ಅಪ್ಪನಿಗೆ ಒಂಥರಾ ಸಮಾಧಾನವೇ ಆಯಿತು. ಹೆಸರಿಲ್ಲದ್ದಕ್ಕೆ ಹೆಸರು ಸಿಕ್ಕಿತಲ್ಲ ಅಂತ ನೆಂಟರಿಗೆಲ್ಲ ತಾವೇ ಫೋನ್ ಮಾಡಿ ತಿಳಿಸಿದರು.

ಮಲ್ಲಂದೂರಿನಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ. ಅವರಿಗೆ ಕಿವಿ ಸ್ವಲ್ಪ ಮಂದ. ಯಾರೋ ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು ಖುಷಿಯಿಂದ ಅಂಗಡಿಗೇ ಬಂದುಬಿಟ್ಟರು.

"ಏನೋ, ಮಗನಿಗೆ ಆಟೋ ಅಂತೆ?"

ಅಪ್ಪ ಬಟ್ಟೆ ಮಡಚುತ್ತಾ, "ಹೌದಣ್ಣ" ಅಂದರು.

"ಭಾರೀ ಒಳ್ಳೇದಾಯ್ತು ಮಾರಾಯ! ಸ್ವಂತದ್ದೋ, ಬಾಡಿಗೆದೋ?"

ಅಪ್ಪನಿಗೆ ಆಗ ಹೊಳೆಯಿತು. ಅಂಗಡಿ ತುಂಬ ಗಿರಾಕಿಗಳು. ಕಿವಿ ಮಂದ ಇರುವವರಿಗೆ ಇನ್ನೊಂದು ಸಲ ಎಲ್ಲ ಕೂಗಿ ಹೇಳಬೇಕು. "ಸ್ವಂತದ್ದೇ ಅಣ್ಣ. ಅವನು ಹುಟ್ಟಿದಾಗಿಂದ ನಮ್ಮನೇಲೇ ಇದೆ. ಈಗ ಗೊತ್ತಾಯ್ತು ಅಷ್ಟೆ" ಅಂದರು.

ದೊಡ್ಡಪ್ಪನ ಮುಖ ಗಂಭೀರವಾಯಿತು. "ಹಾಗಾದ್ರೆ ಬಹಳ ಹಳೇ ಗಾಡಿ. ಘಾಟಿ ಕಡೆ ಹೋಗುವಾಗ ಬ್ರೇಕ್ ನೋಡ್ಕೊಳ್ಳೋಕೆ ಹೇಳು."

ಕಂಡಕ್ಟರ್ ಕೊಟ್ಟ ಬಾಗಿನ

ಮದುವೆಯಾದ ಮೊದಲ ಗೌರಿಹಬ್ಬಕ್ಕೆ ತವರಿಂದ ಬಾಗಿನ ಬರಬೇಕು. "ತಮ್ಮನೇ ತಂದುಕೊಡ್ತಾನೆ" ಅಂತ ಅಮ್ಮ ಹೇಳಿದ್ದಳು. ನಾನು ಅವನಿಗೆ ಬೇಕಾದ ಹಾಗೆ ಸಾರು ಸೋಕದ ಬಿಳಿ ಅನ್ನ, ತುಪ್ಪ, ಹಪ್ಪಳ ಮಾಡಿಟ್ಟು, ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತೆ. ಒಂದು ಕೊಡೆ ನನಗೆ, ಇನ್ನೊಂದು ಅವನಿಗೆ. ಮಳೆಹನಿ ತಲೆ ಮೇಲೆ ಬಿದ್ದರೆ ಅವನಿಗೆ ಆಗುವುದಿಲ್ಲ.

ಅತ್ತ ಮೂಡಿಗೆರೆಯಲ್ಲಿ ಅಪ್ಪ, ಅಮ್ಮ, ತಮ್ಮ ಬಸ್ಸು ಹತ್ತಿದ್ದರು. ಕಿಟಕಿ ಪಕ್ಕ ಸೀಟು, ಬೆಳಗಿನ ಮೊದಲನೇ ಬಸ್ಸು, ಎಲ್ಲ ಯೋಚಿಸಿಯೇ ಮಾಡಿದ್ದರು. ಯೋಚಿಸದೆ ಬಿಟ್ಟಿದ್ದು ಒಂದೇ, ಕಂಡಕ್ಟರನ ಸೀಟಿ.

ಕಂಡಕ್ಟರು ಸೀಟಿ ಊದಿದ. ತಮ್ಮ ಎರಡೂ ಕಿವಿ ಮುಚ್ಚಿಕೊಂಡು ಜೋರಾಗಿ, "ಸಾಕು!" ಅಂದ.

ಯಾರೋ ಇಳಿಯುವವರು ಅಂತ ಡ್ರೈವರು ಬ್ರೇಕ್ ಹಾಕಿದ. ಯಾರೂ ಇಳಿಯಲಿಲ್ಲ. ಕಂಡಕ್ಟರು ಮುಂದೆ ಹೋಗು ಅಂತ ಮತ್ತೆ ಊದಿದ. "ಸಾಕು!" ಡ್ರೈವರು ಮತ್ತೆ ನಿಲ್ಲಿಸಿದ. ಇಳಿಯುವವರು ಯಾರು ಅಂತ ಕಂಡಕ್ಟರು ಕೇಳಿದ. ಯಾರೂ ಇಲ್ಲ. ಹೊರಡಲಿ ಅಂತ ಊದಿದ. "ಸಾಕು!" ಹೀಗೆ ನಿಂತು ನಿಂತು ಬಸ್ಸು ಕೊಟ್ಟಿಗೆಹಾರಕ್ಕೆ ಬರುವಷ್ಟರಲ್ಲಿ ಒಳಗಿದ್ದವರೆಲ್ಲ ತೊಟ್ಟಿಲಲ್ಲಿ ಕೂತು ಬಂದ ಹಾಗೆ ಸುಸ್ತಾಗಿದ್ದರು.

ಕೊಟ್ಟಿಗೆಹಾರದಲ್ಲಿ ದಾರಿ ಎರಡಾಗುತ್ತದೆ. ಒಂದು ಚಾರ್ಮಾಡಿ ಘಾಟಿಗೆ, ಇನ್ನೊಂದು ನಮ್ಮ ಕಡೆಗೆ. ತಮ್ಮ ಅಲ್ಲಿ ಇಳಿದ. ಹೋಟೆಲಿನ ಬೆಂಚಿನ ಮೇಲೆ ಮೂಡಿಗೆರೆ ಕಡೆಗೆ ಮುಖ ಮಾಡಿ ಕೂತ. ಅಮ್ಮ ಬೆನ್ನು ಸವರಿದಳು. ಅಪ್ಪ ಸಮಾಧಾನ ಹೇಳಿದರು. ಅವನು ನಡುಗುತ್ತಿದ್ದ. ಅಪ್ಪ ಬಾಗಿನದ ಮೊರವನ್ನು ಕಂಡಕ್ಟರನ ಕೈಗೆ ಕೊಟ್ಟು, "ಕಳಸದಲ್ಲಿ ನನ್ನ ಮಗಳು ಕಾಯ್ತಿರ್ತಾಳೆ. ಎರಡು ಕೊಡೆ ಇರುತ್ತೆ ಕೈಯಲ್ಲಿ" ಅಂದರಂತೆ.

ಬಸ್ಸು ಬಂತು. ನಾನು ಕಿಟಕಿ ಕಿಟಕಿ ನೋಡಿದೆ. ಇಳಿದಿದ್ದು ಕಂಡಕ್ಟರು. ಮೊರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, "ತಗೋಳಮ್ಮ, ತವರಿಂದು" ಅಂದ. ನನಗೆ ಅಳು ಬರುತ್ತಿರುವುದನ್ನು ನೋಡಿ ಪಾಪ ಅವನಿಗೇ ಕಸಿವಿಸಿಯಾಯಿತು.

"ನಿಮ್ಮ ತಮ್ಮನ ಮೇಲೆ ಬೇಜಾರಿಲ್ಲ ತಾಯಿ. ಆದ್ರೆ ಒಂದು ತೊಂದರೆ ಆಗೋಗಿದೆ. ಈಗ ನಾನು ಸೀಟಿ ಹೊಡೆದ್ರೆ ಡ್ರೈವರು ನಿಲ್ಲಿಸೋದೇ ಇಲ್ಲ. ಕೊಟ್ಟಿಗೆಹಾರದಿಂದ ಇಲ್ಲೀವರೆಗೆ ಎಲ್ಲಾ ಸ್ಟಾಪಲ್ಲೂ ನಾನೇ 'ಸಾಕು, ಸಾಕು' ಅಂತ ಕೂಗ್ಕೊಂಡು ಬಂದೆ."

ಎಲೆಕ್ಷನ್ನಿಗೆ ನಿಂತವರು

ಚಿಕ್ಕಮಗಳೂರಿನಲ್ಲಿ ಇಂಥ ಮಕ್ಕಳಿಗೆ ಕಲಿಸುವ ಒಬ್ಬ ಟೀಚರು ನನಗೆ ಪರಿಚಯವಾದರು. ಅವರು ಹೇಳಿದರು, "ಒಂದೇ ಸಲ ಕರ್ಕೊಂಡು ಹೋಗ್ಬೇಡಿ. ದಾರೀನ ಮೊದಲು ಫೋಟೋದಲ್ಲಿ ತೋರಿಸಿ. ಮನಸ್ಸಲ್ಲಿ ಹತ್ತು ಸಲ ಹೋಗಿ ಬಂದಿದ್ರೆ ಕಾಲಲ್ಲಿ ಹೋಗೋದು ಸುಲಭ."

ನನಗೆ ಹುರುಪು ಬಂತು. ನಾನೂ ನಮ್ಮ ಮನೆಯವರೂ ಒಂದು ದಿನ ಮೂಡಿಗೆರೆಯಿಂದ ನಮ್ಮ ಗೇಟಿನವರೆಗೆ ಫೋಟೋ ತೆಗೆದುಕೊಂಡು ಬಂದೆವು. ಬರೀ ರಸ್ತೆ ಇದ್ದರೆ ಅವನಿಗೆ ಬೇಜಾರಾದೀತು, ಗುರುತಿನವರು ಒಬ್ಬರಿರಲಿ ಅಂತ ಎಲ್ಲ ಫೋಟೋದಲ್ಲೂ ಇವರನ್ನು ನಿಲ್ಲಿಸಿದೆ. ಹ್ಯಾಂಡ್‌ಪೋಸ್ಟಿನಲ್ಲಿ ಇವರು. ಕೊಟ್ಟಿಗೆಹಾರದಲ್ಲಿ ಇವರು. ಸೇತುವೆ ಹತ್ತಿರ ಇವರು. ಎಲ್ಲ ಕಡೆ ಸೊಂಟದ ಮೇಲೆ ಕೈ, ಹಲ್ಲು ಕಾಣುವ ನಗು.

ತಮ್ಮನಿಗೆ ಫೋಟೋ ಬಹಳ ಹಿಡಿಸಿತು. ಬೆಳಗ್ಗೆ ಎದ್ದರೆ ಅದೇ, ಮಲಗುವ ಮುಂಚೆ ಅದೇ. ಬೆರಳಿನಲ್ಲಿ ಒಂದೊಂದೇ ತಳ್ಳುತ್ತಾ ಮೂಡಿಗೆರೆಯಿಂದ ನನ್ನ ಮನೆಗೆ ಬರುತ್ತಾನೆ ಅಂತ ಅಮ್ಮ ಫೋನಿನಲ್ಲಿ ಹೇಳಿದಾಗ ನಾನು ಒಲೆ ಮೇಲಿದ್ದ ಹಾಲು ಮರೆತೆ.

ಒಳ್ಳೆ ದಿನ ನೋಡಿ ನಮ್ಮ ಮನೆಯವರು ಮೂಡಿಗೆರೆಗೆ ಹೋಗಿ, ಅಪ್ಪ ಹೊಸದಾಗಿ ಕೊಂಡಿದ್ದ ಓಮ್ನಿ ವ್ಯಾನಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ತಾವೇ ಓಡಿಸಿಕೊಂಡು ಹೊರಟರು. ಹ್ಯಾಂಡ್‌ಪೋಸ್ಟ್ ಬಂತು. ತಮ್ಮ ಕಿಟಕಿಯಿಂದ ಆಚೆ ನೋಡಿ, "ಭಾವ?" ಅಂದ.

"ಇಲ್ಲೇ ಇದೀನಲ್ಲೋ" ಅಂದರು ಇವರು, ಸ್ಟಿಯರಿಂಗ್ ಹಿಡಿದುಕೊಂಡು.

ತಮ್ಮ ತಲೆಯಾಡಿಸಿದ. ರಸ್ತೆಯ ಬದಿ ತೋರಿಸಿದ. "ಅಲ್ಲಿ."

ಇವರಿಗೆ ಅರ್ಥವಾಯಿತು. ಗಾಡಿ ನಿಲ್ಲಿಸಿದರು. ಇಳಿದು ಹೋಗಿ ಫೋಟೋದಲ್ಲಿದ್ದ ಜಾಗದಲ್ಲೇ ನಿಂತರು. ತಮ್ಮ ಕಾಯುತ್ತಿದ್ದ. ಇವರು ಸೊಂಟದ ಮೇಲೆ ಕೈ ಇಟ್ಟು ನಕ್ಕರು. ತಮ್ಮನ ಮುಖ ಅರಳಿತು. ಇವರು ಓಡಿ ಬಂದು ಗಾಡಿ ಹತ್ತಿದರು. ಮುಂದಿನ ತಿರುವಿನಲ್ಲಿ ಮತ್ತೆ ಅದೇ. ಹೀಗೇ ಎಲ್ಲ ಕಡೆ ಇಳಿದು, ನಿಂತು, ನಕ್ಕು ಕೊಟ್ಟಿಗೆಹಾರದವರೆಗೆ ಬಂದರು. ಅಲ್ಲಿ ಇವರು ನಿಲ್ಲಬೇಕಾದ ಜಾಗದಲ್ಲಿ ಒಂದು ಲಾರಿ ನಿಂತಿತ್ತು. ಡ್ರೈವರು ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತಿದ್ದ.

ಇವರು ಲಾರಿಯ ಈ ಕಡೆ ನಿಂತರು. ತಮ್ಮ ಒಪ್ಪಲಿಲ್ಲ. ಆ ಕಡೆ ನಿಂತರು. ಒಪ್ಪಲಿಲ್ಲ. ಡ್ರೈವರು ಇನ್ನೊಂದು ಪ್ಲೇಟ್ ಹೇಳಿದ. ಅಷ್ಟರಲ್ಲಿ ಹಿಂದಿನ ಬಸ್ಸುಗಳು ಹಾರ್ನ್ ಹೊಡೆಯಲು ಶುರು ಮಾಡಿದವು. ತಮ್ಮ ಸೀಟಿನ ಕೆಳಗೆ ಕೂತುಬಿಟ್ಟ. ಇನ್ನು ವಾಪಸ್ ಹೋಗುವುದೇ ದಾರಿ ಅಂತ ಎಲ್ಲರಿಗೂ ಗೊತ್ತಾಯಿತು.

ಪಕ್ಕದ ಅಂಗಡಿಯವನು ಇದನ್ನೆಲ್ಲ ನೋಡುತ್ತಿದ್ದ. ಸೊಂಟದ ಮೇಲೆ ಕೈ ಇಟ್ಟು ರಸ್ತೆಗೆ ನಗುತ್ತಿದ್ದ ನಮ್ಮ ಮನೆಯವರನ್ನು ಕೇಳಿದ, "ಏನು ಮಾರಾಯ್ರೇ, ಎಲೆಕ್ಷನ್ನಿಗೆ ನಿಂತಿದೀರಾ?"

"ನಿಂತಿದೀನಿ ಮಾರಾಯ" ಅಂದರು ಇವರು. "ಆದ್ರೆ ಈ ಲಾರಿ ಇರೋವರೆಗೂ ಡೆಪಾಸಿಟ್ಟೂ ಬರೋ ಹಾಗೆ ಕಾಣಲ್ಲ."

ಆ ದಿನ ಸಂಜೆ ನಾನು ಫೋನ್ ಮಾಡಿದೆ. ತಮ್ಮ ಫೋನಿನಲ್ಲಿ ಮಾತಾಡುವುದಿಲ್ಲ. ಕಿವಿಗಿಟ್ಟುಕೊಂಡು ಉಸಿರಾಡುತ್ತಾನೆ. ನಾನೂ ಈ ಕಡೆ ಸುಮ್ಮನೆ ಉಸಿರಾಡುತ್ತೇನೆ. ಅವನ ಉಸಿರು ಸರಿಯಾಗಿದ್ದರೆ ದಿನ ಚೆನ್ನಾಗಿತ್ತು ಅಂತ ಲೆಕ್ಕ. ಅವತ್ತು ಬಹಳ ಹೊತ್ತು ಹಾಗೇ ಇದ್ದೆವು. ಕೊನೆಗೆ ಅಮ್ಮನ ದನಿ ಕೇಳಿತು. "ಅಕ್ಕ ತಮ್ಮ ಅಷ್ಟೊತ್ತಿಂದ ಏನೇನು ಮಾತಾಡ್ತಿದೀರೋ, ನಂಗೂ ಸ್ವಲ್ಪ ಕೊಡೋ!"

ಕಳೆ ಹೊಡೆಯೋನು

ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ ಹಿಡಿಯುವವರು ಕಿವಿಗೆ ದಪ್ಪದ ಮುಚ್ಚಳ ಹಾಕಿಕೊಳ್ಳುತ್ತಾರಲ್ಲ, ಒಂದು ದಿನ ನಮ್ಮ ಮನೆಯವರಿಗೆ ಅದು ಹೊಳೆಯಿತು. ಹೊಸದೊಂದು ತಂದು ಮೂಡಿಗೆರೆಗೆ ಕಳಿಸಿದೆವು. ಕಿತ್ತಳೆ ಬಣ್ಣದ್ದು.

ಅದನ್ನು ಹಾಕಿಕೊಂಡ ದಿನ ತಮ್ಮ ಪೇಟೆಯಲ್ಲಿ ಒಂದು ಸುತ್ತು ಹಾಕಿ ಬಂದನಂತೆ. ಅಷ್ಟು ವರ್ಷ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದವನು. ಹಾರ್ನ್, ಗಲಾಟೆ, ಸಂತೆಯ ಮೈಕು, ಯಾವುದೂ ಅವನನ್ನು ಮುಟ್ಟಲಿಲ್ಲ. ಮರುದಿನವೂ ಹೋದ. ಅಂಗಡಿಯ ಮುಂದೆ ಕುರ್ಚಿ ಹಾಕಿ ಕೂರಲು ಶುರು ಮಾಡಿದ. ಅಮ್ಮ ಫೋನಿನಲ್ಲಿ ಹೇಳುತ್ತಾ ಅತ್ತಳು. ನಾನೂ ಅತ್ತೆ.

ತೊಂದರೆ ಶುರುವಾಗಿದ್ದು ಆಮೇಲೆ. ನಮ್ಮ ಕಡೆ ತೋಟದ ಕೆಲಸಕ್ಕೆ ಜನ ಸಿಗುವುದು ದೇವರು ಸಿಕ್ಕ ಹಾಗೆ. ಕಿವಿಗೆ ಮೆಷಿನ್ನಿನ ಮುಚ್ಚಳ ಹಾಕಿಕೊಂಡು ಎತ್ತರದ ಗಟ್ಟಿಮುಟ್ಟಾದ ಹುಡುಗನೊಬ್ಬ ಪೇಟೆಯಲ್ಲಿ ಖಾಲಿ ಕೂತಿದ್ದಾನೆ ಅಂದರೆ ತೋಟದವರು ಬಿಡುತ್ತಾರಾ? ಒಬ್ಬೊಬ್ಬರಾಗಿ ಬಂದು ಅಪ್ಪನನ್ನು ಕೇಳತೊಡಗಿದರು. "ಈ ಹುಡುಗ ನಿಮ್ಮ ಕಡೆಯವನಾ? ಮುಂದಿನ ವಾರ ನಮ್ಮಲ್ಲಿಗೆ ಕಳಿಸ್ತೀರಾ?"

ಅಪ್ಪ ಎಲ್ಲರಿಗೂ ವಿವರಿಸಿದರು. ಕೊನೆಗೆ ಒಬ್ಬ ದೊಡ್ಡ ಎಸ್ಟೇಟಿನ ಸಾಹುಕಾರರು ಅಪ್ಪನನ್ನು ಕೇಳದೆ ನೇರವಾಗಿ ಜೀಪನ್ನು ತಮ್ಮನ ಕುರ್ಚಿ ಮುಂದೆಯೇ ನಿಲ್ಲಿಸಿದರು.

"ನಾಳೆ ಕಳೆ ಹೊಡೆಯೋಕೆ ಬರ್ತೀಯೇನಪ್ಪಾ? ತಿಂಡಿ, ಊಟ, ಕಾಫಿ ಎಲ್ಲಾ ನಮ್ಮದೇ."

ತಮ್ಮ ಮುಚ್ಚಳ ಒಂದು ಕಡೆ ಎತ್ತಿ ಕೇಳಿಸಿಕೊಂಡ. ಯೋಚಿಸಿದ. "ಬರಲ್ಲ" ಅಂದು ಮುಚ್ಚಳ ಹಾಕಿಕೊಂಡ.

ಅಪ್ಪ ಒಳಗಿಂದ ಓಡಿ ಬಂದು, "ತಪ್ಪು ತಿಳ್ಕೋಬೇಡಿ, ಅವನಿಗೆ ಮಾತು ಹಾಗೇ" ಅಂದರು.

"ತಪ್ಪೇನ್ರೀ?" ಅಂದರು ಸಾಹುಕಾರರು. "ಈ ವರ್ಷ ನಾನು ಕೇಳಿದವರೆಲ್ಲ 'ನಾಳೆ ಖಂಡಿತಾ ಬರ್ತೀನಿ ಅಣ್ಣ' ಅಂದ್ರು, ಒಬ್ಬನೂ ಬರ್ಲಿಲ್ಲ. ನಿಜ ಹೇಳಿದೋನು ಇವನೊಬ್ಬನೇ."

ಅಕ್ಕ

ತಮ್ಮ ಬರುತ್ತಾನೆ ಅಂತ ನಾನು ನಮ್ಮ ಎರಡು ರೂಮುಗಳಲ್ಲಿ ಒಂದನ್ನು ಅವನಿಗಾಗಿ ಬದಲಾಯಿಸಿದ್ದೆ. ಟ್ಯೂಬ್‌ಲೈಟ್ ತೆಗೆಸಿ ಹಳದಿ ಬಲ್ಬು ಹಾಕಿಸಿದೆ. ಗಡಿಯಾರ ಟಿಕ್ ಟಿಕ್ ಅನ್ನುತ್ತದೆ ಅಂತ ಇಳಿಸಿದೆ. ದಪ್ಪ ಪರದೆ, ವಾಸನೆಯಿಲ್ಲದ ಸೋಪು, ಒಗೆದು ಒಗೆದು ಮೆತ್ತಗಾದ ಹೊದಿಕೆ. ಯಾರಿಗೂ ಕೊಡುತ್ತಿರಲಿಲ್ಲ. ಇವರು ಒಂದೆರಡು ಸಲ, "ಖಾಲಿ ಇಟ್ರೆ ರೂಮು ಬೂಸಲು ಹಿಡಿಯುತ್ತೆ ಕಣೇ" ಅಂದರು. ಆಮೇಲೆ ಸುಮ್ಮನಾದರು.

ಒಂದು ದಿನ ದಾವಣಗೆರೆ ಕಡೆಯ ಒಬ್ಬರು ಫೋನ್ ಮಾಡಿದರು. ಹೆಂಗಸಿನ ದನಿ. ಹೊರನಾಡಿಗೆ ಬರಬೇಕು, ಎರಡು ದಿನ ಉಳಿಯಬೇಕು ಅಂದರು. ಆಮೇಲೆ ತಡವರಿಸಿದರು. "ನಮ್ಮ ಜೊತೆ ಮಗಳೂ ಬರ್ತಾಳೆ. ಅವಳು ಸ್ವಲ್ಪ... ಬೇರೆಯವರಿಗೆ ತೊಂದರೆ ಆಗ್ಬಾರ್ದು ಅಂತ ಮೊದಲೇ ಹೇಳ್ತಿದೀನಿ... ಅವಳು..."

ಆ ತಡವರಿಕೆ ನನಗೆ ಗೊತ್ತು. ಅದು ನಮ್ಮ ಅಮ್ಮನ ತಡವರಿಕೆ.

"ಕುಕ್ಕರ್ ಸೀಟಿ ಆಗಲ್ವಾ? ನಾನು ಪಾತ್ರೇಲೇ ಅನ್ನ ಮಾಡ್ತೀನಿ" ಅಂದೆ. "ಬೆಳಕು ಜಾಸ್ತಿ ಆಗ್ಬಾರ್ದಾ? ಅನ್ನ, ಪಲ್ಯ ಒಂದಕ್ಕೊಂದು ತಾಗ್ಬಾರ್ದಾ? ದೇವಸ್ಥಾನಕ್ಕೆ ಜನ ಕಮ್ಮಿ ಇರೋ ಹೊತ್ತಿಗೆ ಹೋಗೋಣ, ಯಾವ ಹೊತ್ತು ಅಂತ ನಾನು ಹೇಳ್ತೀನಿ. ನಾಯಿ ಇದೆ, ಬೇಡ ಅಂದ್ರೆ ಕಟ್ತೀವಿ. ರೂಮಿನ ಫೋಟೋ ಈಗ್ಲೇ ಕಳಿಸ್ಲಾ, ಅವಳಿಗೆ ತೋರ್ಸೋಕೆ?"

ಆ ಕಡೆಯಿಂದ ಮೂಗೆಳೆದುಕೊಳ್ಳುವ ಸದ್ದು ಬಂತು. "ನೀವು ಡಾಕ್ಟ್ರಾ?" ಅಂತ ಕೇಳಿದರು.

"ಇಲ್ಲ. ಅಕ್ಕ" ಅಂದೆ.

ಅವರು ಮೂಗು ಒರೆಸಿಕೊಂಡು ಸ್ವಲ್ಪ ಬಿಗುವಾಗಿ ಅಂದರು, "ನಿಮ್ಮ ದನಿ ನೋಡಿದ್ರೆ ನಾನೇ ನಿಮಗಿಂತ ಚಿಕ್ಕೋಳು ಅನ್ಸುತ್ತೆ. ನನ್ನನ್ನ ಅಕ್ಕ ಅನ್ಬೇಡಿ."

ಹುಂಜ

ಅವರು ಬರುವ ಮೊದಲು ನಾನು ಮನೆಯ ಸದ್ದನ್ನೆಲ್ಲ ಒಂದೊಂದಾಗಿ ಹಿಡಿದು ಕಟ್ಟಿಹಾಕಿದೆ. ಮಿಕ್ಸಿ ಬಂದ್. ಬಾಗಿಲಿನ ಕೀಲಿಗೆ ಎಣ್ಣೆ. ಉಳಿದದ್ದು ಪಕ್ಕದ ಮನೆಯ ಹುಂಜ. ಅದು ಬೆಳಗು, ಮಧ್ಯಾಹ್ನ ಅಂತಿಲ್ಲ, ಮನಸ್ಸು ಬಂದಾಗೆಲ್ಲ ಕೂಗುತ್ತದೆ.

ನಮ್ಮ ಮನೆಯವರು ಹೋಗಿ ಪಕ್ಕದವರಿಗೆ ವಿಷಯ ಹೇಳಿದರು. ಎರಡು ದಿನ ಅದನ್ನು ಎಲ್ಲಾದರೂ ದೂರ ಇಡೋಕಾಗುತ್ತಾ ಅಂತ ಕೇಳಿದರು. ಪಕ್ಕದವರು ಬಹಳ ಒಳ್ಳೆಯವರು. "ಅದಕ್ಯಾಕೆ ಯೋಚನೆ ಮಾಡ್ತೀರಿ ಮಾರಾಯ್ರೇ, ಒಂದು ವ್ಯವಸ್ಥೆ ಮಾಡ್ತೀನಿ ಬಿಡಿ" ಅಂದರು.

ದಾವಣಗೆರೆಯವರು ಬಂದರು. ಮಗಳು ಕಾಲೇಜು ವಯಸ್ಸಿನ ಹುಡುಗಿ, ಎರಡು ಜಡೆ. ಬಂದವಳೇ ರೂಮು ಹೊಕ್ಕು, ಪರದೆ ಮುಟ್ಟಿ ನೋಡಿ, ಹೊದಿಕೆ ಕೆನ್ನೆಗೆ ಒತ್ತಿಕೊಂಡು, ಹಾಗೇ ಮಲಗಿ ನಿದ್ದೆ ಹೋದಳು. ಅವಳಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಹೊರಗಡೆ ಎಲ್ಲೂ ಇವಳು ಹೀಗೆ ಮಲಗಿಲ್ಲ" ಅಂದರು. ನನಗೆ ಸಂತೋಷವಾಯಿತು. ಆದರೆ ಆ ಹಾಸಿಗೆಯ ಮೇಲೆ ಮೊದಲು ಮಲಗಬೇಕಾದವನು ಇನ್ನೂ ಕೊಟ್ಟಿಗೆಹಾರ ದಾಟಿರಲಿಲ್ಲ.

ಬೆಳಗ್ಗೆ ಹುಡುಗಿ ಎದ್ದು ಅಂಗಳಕ್ಕೆ ಬಂದಳು. ಸುತ್ತ ನೋಡಿದಳು. "ಕೋಳಿ ಎಲ್ಲಿ?" ಅಂದಳು.

ಅವಳಮ್ಮ ನಕ್ಕರು. "ಹಳ್ಳೀಲಿ ಹುಂಜ ಕೂಗುತ್ತೆ, ಅದನ್ನ ಕೇಳ್ಬೇಕು ಅಂತ ಒಂದು ತಿಂಗಳಿಂದ ಹೇಳ್ತಿದ್ಲು. ಅದೊಂದು ಸದ್ದು ಅಂದ್ರೆ ಅವಳಿಗೆ ಪ್ರಾಣ."

ನಾನು ಇವರ ಮುಖ ನೋಡಿದೆ. ಇವರು ಪಕ್ಕದ ಮನೆಗೆ ಓಡಿದರು. ಹೋದಷ್ಟೇ ಬೇಗ ವಾಪಸ್ ಬಂದು, ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು. "ವ್ಯವಸ್ಥೆ ಮಾಡಿಬಿಟ್ಟಿದಾರೆ ಕಣೇ. ನಿನ್ನೆ ಸಾರಾಯ್ತಂತೆ. ನಾವು ತಿನ್ನಲ್ಲ ಅಂತ ಗೊತ್ತಿದ್ದೂ, ಒಂದು ಮಾತು ಕರೀಬೇಕಿತ್ತು ಅಂತ ಬೇಜಾರು ಬೇರೆ ಮಾಡ್ಕೊಂಡಿದಾರೆ."

ಹುಡುಗಿ ಅಂಗಳದಲ್ಲೇ ನಿಂತಿದ್ದಳು. "ಕೋಳಿ ಎಲ್ಲಿ?" ಇನ್ನೊಮ್ಮೆ ಕೇಳಿದಳು. ತುಟಿ ನಡುಗುತ್ತಿತ್ತು. ಇವರು ಹಿಂಬಾಗಿಲಿನಿಂದ ಹೋದರು. ಕಾಫಿ ಒಣಗಿಸುವ ಕಣದ ಹಿಂದೆ ನಿಂತು, ಕತ್ತು ಮೇಲೆ ಮಾಡಿ, ಒಂದು ಕೂಗು ಹಾಕಿದರು. ನನ್ನ ಗಂಡನಲ್ಲಿ ಅಂಥ ಹುಂಜ ಇದ್ದದ್ದು ನನಗೂ ಗೊತ್ತಿರಲಿಲ್ಲ. ಹುಡುಗಿ ಚಪ್ಪಾಳೆ ತಟ್ಟಿ ಕುಣಿದಳು. ಅವಳಿಗೆ ಸಾಕಾಗುವವರೆಗೂ ಇವರು ಕೂಗಿದರು.

ಅಷ್ಟರಲ್ಲಿ ಪಕ್ಕದವರು ಬಿಳಿಚಿಕೊಂಡ ಮುಖ ಹೊತ್ತು ಬೇಲಿ ಹತ್ತಿರ ಬಂದರು. "ಅಮ್ಮಾವ್ರೇ, ನಿಮಗೂ ಕೇಳಿಸ್ತಾ?" ಅಂದರು. "ನಾನು ನಿನ್ನೆ ಎರಡು ಸಲ ಬಡಿಸ್ಕೊಂಡು ತಿಂದಿದೀನಿ, ಅದು ಇನ್ನೂ ಹೊರಗಡೆಯಿಂದ ಕೂಗ್ತಿದೆ!"

ತವರಿಂದ ಬಂದವನು

ಅವರು ಹೋದ ಮೇಲೆ ಅಂಥದೇ ಇನ್ನೊಂದಿಷ್ಟು ಮನೆಯವರು ಬಂದರು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿತ್ತು. ಬಂದವರಿಗೆಲ್ಲ ನಾನು ದಾರಿ ಹೇಳಿಕೊಡುತ್ತಿದ್ದೆ. ಎಲ್ಲಿ ನಿಲ್ಲಿಸಿ, ಯಾವ ಹೊತ್ತಿಗೆ ಹೊರಡಿ, ಎಲ್ಲಿ ತಿರುವು ಜಾಸ್ತಿ ಅಂತ. ಅಮ್ಮನಿಗೆ ಹೇಳಿದರೆ ಖುಷಿಪಡುತ್ತಿದ್ದಳು. ಒಂದು ಸಲ ಮಾತ್ರ, "ಎಲ್ಲಾರ ಮಕ್ಕಳೂ ನಿನ್ನ ಮನೇಲಿ ಬಂದು ಮಲಗಿ ಎದ್ದು ಹೋದ್ರಲ್ಲೇ" ಅಂದಳು. ಆಮೇಲೆ ಬೇರೆ ಮಾತು ತೆಗೆದಳು.

ಕಳೆದ ವರ್ಷ ಮಳೆ ಬಿಟ್ಟು ಕಾಫಿ ಕೊಯ್ಲು ಶುರುವಾಗುವ ಮುಂಚೆ, ನಾನು ರೂಮಿಗೆ ಬರುವವರಿಗೆಲ್ಲ ದಾರಿ ಹೇಳಿಕೊಡುತ್ತಿದ್ದ ಹಾಗೇ ತವರಿನವರಿಗೂ ಹೇಳಿದೆ. ಹಬ್ಬ ಬೇಡ, ರಜೆ ಬೇಡ, ಸುಮ್ಮನೆ ಒಂದು ಮಂಗಳವಾರ. ಕಿವಿಗೆ ಕಿತ್ತಳೆ ಮುಚ್ಚಳ, ಕೈಯಲ್ಲಿ ಇವರಿಲ್ಲದೆ ಹೊಸದಾಗಿ ತೆಗೆದ ದಾರಿಯ ಫೋಟೋ. ಅಂಗಡಿಗಳು ಬಾಗಿಲು ತೆಗೆಯುವ ಮುಂಚೆ ಕೊಟ್ಟಿಗೆಹಾರ ಬರಬೇಕು. ಅಲ್ಲಿ ನಿಲ್ಲಿಸಬೇಡಿ, ಅವನು ನಿಲ್ಲಿಸು ಅಂದರೆ ಮಾತ್ರ ನಿಲ್ಲಿಸಿ ಅಂದೆ. ಬೆಳಗ್ಗೆ ಅಮ್ಮನ ಫೋನ್ ಬಂತು. ಅವಳು ಉಸಿರಿನಲ್ಲೇ ಹೇಳಿದಳು. "ದಾಟಿದ್ವಿ."

ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ಎದ್ದು ಎಲ್ಲರಿಗೂ ಆಜ್ಞೆ ಮಾಡಿದೆ. ಯಾರೂ "ಬಾ ಬಾ" ಅಂತ ಕೂಗಬಾರದು. ಯಾರೂ ತಬ್ಬಿಕೊಳ್ಳಬಾರದು. ಅಳಬಾರದು. ಮನೆಯಲ್ಲಿದ್ದವರು ನಾನೂ ಇವರೂ ಇಬ್ಬರೇ. ಇವರು, "ನಾನು ಯಾವಾಗ ನಿನ್ನ ತಮ್ಮನ್ನ ತಬ್ಕೊಂಡು ಅಳ್ತೀನಿ ಅಂದಿದ್ದೆ?" ಅಂದರು.

ಗಾಡಿ ಬಂತು. ತಮ್ಮ ಇಳಿದ. ಗೇಟು ನೋಡಿದ, ಮೆಟ್ಟಿಲು ನೋಡಿದ, ಹೆಂಚಿನ ಮಾಡು ನೋಡಿದ. ಕೊನೆಗೆ ನನ್ನನ್ನು ನೋಡಿದ. ಎಲ್ಲ ಸರಿಯಾಗಿದೆ ಅಂತ ಖಾತ್ರಿ ಮಾಡಿಕೊಳ್ಳುವವನ ಹಾಗೆ, "ಅಕ್ಕ" ಅಂದ.

"ಹ್ಞೂಂ" ಅಂದೆ. ಅದಕ್ಕಿಂತ ಹೆಚ್ಚಿಗೆ ಒಂದು ಅಕ್ಷರ ಆಡಿದ್ದರೂ ನನ್ನ ಆಜ್ಞೆ ನಾನೇ ಮುರಿಯುತ್ತಿದ್ದೆ.

ಅವನು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ನಾವು ನಾಲ್ಕು ಜನ ಹೊರಗೆ ಪಿಸುಪಿಸು ಮಾತಾಡುತ್ತಾ ಕೂತೆವು. ಅಪ್ಪ, "ಹೆರಿಗೆ ಆಸ್ಪತ್ರೆ ಹೊರಗೆ ಕೂತ ಹಾಗಿದೆ ಮಾರಾಯ್ತಿ" ಅಂದರು. ಊಟದ ಹೊತ್ತಿಗೆ ಬಾಗಿಲು ತೆರೆಯಿತು. ಬಂದು ಕೂತ. ಅನ್ನ, ತುಪ್ಪ, ಹಪ್ಪಳ ಬಡಿಸಿದೆ. ನೋಡುತ್ತಾ ನಿಂತರೆ ಅವನಿಗೆ ತಿನ್ನಲಾಗುವುದಿಲ್ಲ. ಗೋಡೆ ಕಡೆ ತಿರುಗಿ ನಿಂತು ಅವನು ಹಪ್ಪಳ ಕಡಿಯುವ ಸದ್ದು ಕೇಳಿಸಿಕೊಂಡೆ. ನನ್ನ ಮನೆಯಲ್ಲಿ, ನನ್ನ ತಟ್ಟೆಯಲ್ಲಿ. ಒಂದು ಮುಗಿಯಿತು. "ಇನ್ನೊಂದು" ಅಂದ.

ಮರುದಿನ ಬೆಳಗ್ಗೆ ಅಪ್ಪ ಶರ್ಟು ಹಾಕಿಕೊಂಡು, "ಹೊರಡ್ಲಾ ಮಗಾ? ಅಂಗಡಿ ತೆಗೀಬೇಕು" ಅಂದರು.

ತಮ್ಮ ಹಾಸಿಗೆಯ ಮೇಲೆ ಕೂತಿದ್ದ. "ಇಲ್ಲೇ" ಅಂದ.

ಅಮ್ಮ ಪುಸಲಾಯಿಸಿದಳು. "ಇಲ್ಲೇ." ಅಪ್ಪ ಗಾಡಿಯ ಕೀ ತೋರಿಸಿದರು. "ಇಲ್ಲೇ." ಇವನನ್ನು ಕಳಸಕ್ಕೆ ಕರೆತರುವುದು ಹೇಗೆ ಅಂತ ಇಷ್ಟು ವರ್ಷ ಮನೆಮಂದಿಯೆಲ್ಲ ತಲೆ ಕೆಡಿಸಿಕೊಂಡಿದ್ದೆವು. ವಾಪಸ್ ಕರೆದುಕೊಂಡು ಹೋಗುವುದು ಹೇಗೆ ಅಂತ ನಮ್ಮಲ್ಲಿ ಯಾರೂ ಯೋಚಿಸಿಯೇ ಇರಲಿಲ್ಲ.

ಕೊನೆಗೆ ಅವನಿಗೆ ಬೇಕಾದಷ್ಟು ದಿನ ಇರಲಿ, ಅವನಾಗಿ ಹೊರಟಾಗ ಬಂದು ಕರೆದೊಯ್ಯುವುದು ಅಂತ ತೀರ್ಮಾನವಾಯಿತು. ನನಗೆ ಒಳಗೊಳಗೇ ಹಬ್ಬ. ಅಮ್ಮನಿಗೆ ಮಾತ್ರ ಕಣ್ಣು ತುಂಬಿ ಬಂತು. ಅವನನ್ನು ಬಿಟ್ಟು ಅವಳು ಒಂದು ದಿನವೂ ಇದ್ದವಳಲ್ಲ. ಗಾಡಿ ಹತ್ತಿದಳು, ಇಳಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ನಮ್ಮ ಮನೆಯವರ ಮುಂದೆ ನಿಂತು, "ಚೆನ್ನಾಗಿ ನೋಡ್ಕೊಳ್ಳಿ. ಬಿಸಿ ಅನ್ನ ಆರಿಸಿ ಕೊಡಿ. ಒರಟು ಬಟ್ಟೆ ಹಾಕ್ಬೇಡಿ. ಗದರಿಸ್ಬೇಡಿ. ಏನಾದ್ರೂ ತಪ್ಪು ಮಾಡಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ" ಅಂದಳು.

ಇವರು ಕೈಮುಗಿದು ಕೇಳಿಸಿಕೊಂಡರು. "ಆಗ್ಲಿ ಅತ್ತೆ. ಆದ್ರೆ ಒಂದು ಮಾತು. ನಿಮ್ಮ ಮಗಳನ್ನ ಕಳಿಸುವಾಗ ಇದರಲ್ಲಿ ಅರ್ಧನೂ ಹೇಳಿರ್ಲಿಲ್ಲ ನೀವು."

ಅಮ್ಮ ಅಳುತ್ತಲೇ ನಕ್ಕಳು. ತಮ್ಮ ಆಗ ಜಗಲಿಗೆ ಬಂದ. ಮೂಡಿಗೆರೆಯಲ್ಲಿ ನೆಂಟರು ಹೊರಟಾಗ ಅಮ್ಮ ಬಾಗಿಲಲ್ಲಿ ನಿಂತು ಹೇಳುವ ಹಾಗೇ, ಅದೇ ರಾಗದಲ್ಲಿ, ಹೆತ್ತವರಿಗೆ ಕೈಬೀಸಿ ಹೇಳಿದ, "ಹೋಗ್ಬನ್ನಿ. ಹುಷಾರು."

ಗಾಡಿ ತಿರುವಿನಲ್ಲಿ ಮರೆಯಾಯಿತು. ಇವರು ಆ ಕಡೆಯಿಂದಲೇ ತೋಟಕ್ಕೆ ಇಳಿದರು. ಅಂಗಳದಲ್ಲಿ ನಾನೂ ಜಗಲಿಯಲ್ಲಿ ಅವನೂ ಇಬ್ಬರೇ ಉಳಿದೆವು. ಅಂತೂ ಈಗ ಅಕ್ಕ ತಮ್ಮ ಎದುರಾಬದುರು ಕೂತು ಕಾಫಿ ಕುಡಿಯುತ್ತೇವೆ ಅಂತ ನಾನು ಮೆಟ್ಟಿಲ ಕಡೆ ಹೆಜ್ಜೆ ಹಾಕಿದೆ. ತಮ್ಮ ನನ್ನನ್ನು ನೋಡಿದ. ನೆಂಟರೆಲ್ಲ ಹೋದ ಮೇಲೂ ಉಳಿದುಕೊಂಡ ಕೊನೆಯವರನ್ನು ನೋಡುವ ಹಾಗೆ, ಬಹಳ ಮರ್ಯಾದೆಯಿಂದ.

"ಅಕ್ಕ, ನೀನೂ ಹೋಗ್ಬಾ" ಅಂದು ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಜಡಿದುಕೊಂಡ.

ನಾನು ನನ್ನ ಮನೆಯ ಮುಂದೆ ಬರಿಗಾಲಲ್ಲಿ ನಿಂತೆ. ನಗು ಯಾವುದು, ಅಳು ಯಾವುದು ಅಂತ ತಿಳಿಯುತ್ತಿರಲಿಲ್ಲ. ಡೈರಿಗೆ ಹಾಲು ಹಾಕಲು ಹೊರಟಿದ್ದ ಕೇರಿಯ ಹೆಂಗಸೊಬ್ಬರು ನನ್ನನ್ನು ನೋಡಿ ನಿಂತರು.

"ಏನ್ರೀ, ಹೊರಗೆ ನಿಂತಿದೀರಿ? ಚಿಲಕ ಬಿದ್ದುಬಿಡ್ತಾ? ಒಳಗೆ ಯಾರಿದಾರೆ?"

"ನನ್ನ ತಮ್ಮ" ಅಂದೆ. "ತವರಿಂದ ಬಂದಿದಾನೆ."

ಅವರು ಕೇಳಿದ್ದು ಒಂದೇ ಸಲ. ನಾನು ಎರಡು ಸಲ ಹೇಳಿದೆ.